ಮೂರನೇ ಮಂಚದ ಮೊಟ್ಟೆ

"ಮಲಗಿದ ಕಡೆಯೇ ಮಲಗಿರೋರಿಗೆ ಮೊಟ್ಟೆ ಯಾಕಮ್ಮ? ತಿಂದು ಯಾವ ಗುಡ್ಡ ಕಡೀಬೇಕಾಗಿದೆ?"

ಮೇಲ್ವಿಚಾರಕ ಇದನ್ನು ನಗುತ್ತಲೇ ಕೇಳಿದ. ನಕ್ಕಾಗ ಅವನ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಹಳದಿ ಚೂರು ಕಂಡಿತು. ನಾಲಿಗೆಯ ತುದಿಯಿಂದ ಅದನ್ನು ತಡಕಾಡುತ್ತ, ಮೂಗಿಗೆ ಕರವಸ್ತ್ರ ಒತ್ತಿಕೊಂಡು, ಮೂರನೇ ಮಂಚದ ಕಾಲ ಬುಡದಲ್ಲಿ ನಿಂತಿದ್ದ. ಅದಕ್ಕಿಂತ ಹತ್ತಿರಕ್ಕೆ ಅವನು ಯಾವ ಮಂಚಕ್ಕೂ ಬರುತ್ತಿರಲಿಲ್ಲ.

ಮಂಚದ ಮೇಲಿದ್ದವಳು ಗಾರೆ ಕೆಲಸದವಳು. ವಾರ್ಡಿನಲ್ಲಿ ಎಲ್ಲರಿಗೂ ಗಾರೆಯಕ್ಕ. ಗಾರೆ ತುಂಬಿದ ಬಾಂಡ್ಲಿ ಹೊತ್ತು ನಾಲ್ಕನೇ ಮಹಡಿಯ ಹಲಗೆಯ ಮೇಲೆ ನಡೆಯುವಾಗ ಹಲಗೆ ಮುರಿಯಿತು. ಅವಳ ಬೆನ್ನೂ ಮುರಿಯಿತು. ಸೊಂಟದಿಂದ ಕೆಳಗೆ ಈಗ ಏನೂ ಗೊತ್ತಾಗುವುದಿಲ್ಲ. ಚಿವುಟಿದರೂ ಇಲ್ಲ, ಸುಟ್ಟರೂ ಇಲ್ಲ. ಇಂಥವರಿಗಾಗಿಯೇ ಯಾರೋ ದೊಡ್ಡ ಮನಸ್ಸು ಮಾಡಿ ಕಟ್ಟಿಸಿದ ಧರ್ಮದ ಆಸ್ಪತ್ರೆ ಇದು. ಕಟ್ಟಿಸಿದವರ ಹೆಸರಿನ ಕಲ್ಲುಹಲಗೆ ಬಾಗಿಲಲ್ಲಿ ದಿನವೂ ಒರೆಸಿಕೊಂಡು ಹೊಳೆಯುತ್ತದೆ. ಒಳಗಿನವರ ಬೆನ್ನು ಒರೆಸುವುದಕ್ಕೆ ಮಾತ್ರ ಬಟ್ಟೆ ಸಾಲುವುದಿಲ್ಲ.

"ಮೊಟ್ಟೆ ಒಂದೇ ಅಲ್ಲ ಸಾರ್. ಹಾಲೂ ನಿಂತೋಗಿದೆ. ಬೇಳೆ ಕುಡಿದ್ರೆ ಬೇಳೇನೋ ಕೈ ತೊಳೆದ ನೀರೋ ಗೊತ್ತಾಗಲ್ಲ," ಎಂದು ನಾಲ್ಕನೇ ಮಂಚದಿಂದ ಬಸ್ಸಕ್ಕ ಕೂಗಿದಳು. ಓಡುವ ಬಸ್ಸಿನಿಂದ ಬಿದ್ದವಳು. ಕಾಲು ಹೋದ ಮೇಲೆ ಬಾಯಿಯೇ ಕಾಲಾಗಿದೆ ಎಂದು ತನ್ನನ್ನು ತಾನೇ ಆಡಿಕೊಳ್ಳುವಳು.

"ನಾನು ನಿಲ್ಲಿಸಿದ್ದಲ್ಲಮ್ಮ, ವಿಜ್ಞಾನ ನಿಲ್ಲಿಸಿದ್ದು. ನಮ್ಮ ಪಥ್ಯದ ಮೇಡಮ್ಮೇ ಮೀಟಿಂಗಲ್ಲಿ ಹೇಳಿದ್ರು. ಬೆನ್ನುಹುರಿ ಹೋದೋರ ಮೈ ತಿಂದಿದ್ದನ್ನ ಕಮ್ಮಿ ಖರ್ಚು ಮಾಡುತ್ತೆ, ಕಮ್ಮಿ ಶಕ್ತಿ ಸಾಕು ಅಂತ. ಜಾಸ್ತಿ ಕೊಟ್ರೆ ಬೊಜ್ಜು ಬರುತ್ತೆ. ನಿಮ್ಮ ಒಳ್ಳೇದಕ್ಕೇ." ಅವನು ಕರವಸ್ತ್ರದ ಹಿಂದಿನಿಂದ ಗಾರೆಯಕ್ಕನ ಹೊಟ್ಟೆಯನ್ನು ತೋರಿಸಿದ. "ನೋಡು, ಈಗಾಗಲೇ ಹೇಗೆ ಉಬ್ಬಿದೆ. ಅನ್ನಕ್ಕೇನಾದ್ರೂ ಕೊರತೆ ಮಾಡಿದೀವಾ?"

ಅನ್ನಕ್ಕೆ ಕೊರತೆ ಇರಲಿಲ್ಲ. ಅಕ್ಕಿ ದಾನದಲ್ಲಿ ಬರುತ್ತಿತ್ತು. ಬ್ರೆಡ್ಡು ದಾನದಲ್ಲಿ ಬರುತ್ತಿತ್ತು. ಅಂಗಡಿಯಲ್ಲಿ ಮಾರಾಟವಾಗದೆ ಮೆತ್ತಗಾದ ಬಿಸ್ಕತ್ತು ಡಬ್ಬಿಗಟ್ಟಲೆ ಬರುತ್ತಿತ್ತು. ತಟ್ಟೆ ತುಂಬ ಅದನ್ನೇ ಸುರಿಯುತ್ತಿದ್ದರು. ಕಾಸು ಕೊಟ್ಟು ತರಬೇಕಾದದ್ದನ್ನೆಲ್ಲ ವಿಜ್ಞಾನ ಬಂದು ನಿಲ್ಲಿಸಿತ್ತು. ಬಿಟ್ಟಿ ಬಂದದ್ದನ್ನು ಅದು ಮುಟ್ಟಿರಲಿಲ್ಲ.

ಗಾರೆಯಕ್ಕನ ಕಣ್ಣು ಗೋಡೆಯ ಹತ್ತಿರ ನಿಲ್ಲಿಸಿದ್ದ ಗಾಲಿಕುರ್ಚಿಯ ಮೇಲಿತ್ತು. ಅಳತೆ ತೆಗೆದು ಅವಳಿಗೆಂದೇ ತರಿಸಿದ ಕುರ್ಚಿ. ಅದರ ಕೈಗೆ ಅವಳ ತಂಗಿ ಗುರುತಿಗೆ ಒಂದು ಕೆಂಪು ಬಟ್ಟೆ ಕಟ್ಟಿದ್ದಳು. ಬೆನ್ನ ಬುಡದ ಗಾಯ ಮುಚ್ಚುವ ತನಕ ಅದರಲ್ಲಿ ಕೂರುವಂತಿಲ್ಲ, ಕೂತರೆ ಗಾಯ ಮೂಳೆಗೆ ಇಳಿಯುತ್ತದೆ ಎಂದು ಡಾಕ್ಟರು ಖಂಡಿತವಾಗಿ ಹೇಳಿದ್ದರು. ಕೂರಲು ಬರುವವರಿಗೆ ಹಿಂದಿನ ಶೆಡ್ಡಿನಲ್ಲಿ ಚೀಲ ಹೊಲಿಯುವ ಕೆಲಸ ಇತ್ತು, ಇರಲು ಜಾಗವಿತ್ತು. ಕೂರಲು ಬಾರದವರನ್ನು, 'ಸುಧಾರಣೆ ಇಲ್ಲ' ಎಂದು ಬರೆದು ಮನೆಗೆ ಕಳಿಸುತ್ತಿದ್ದರು. ಗಾರೆಯಕ್ಕನ ಮನೆ ಎಂದರೆ ಅವಳು ಕಟ್ಟುತ್ತಿದ್ದ ಕಟ್ಟಡದ ಪಕ್ಕದ ತಗಡಿನ ಶೆಡ್ಡು. ಕಟ್ಟಡ ಮುಗಿದಿತ್ತು. ಶೆಡ್ಡು ಕಿತ್ತಿದ್ದರು.

ಹೀಗಾಗಿ ಅವಳ ಮನೆ, ಅವಳ ಕೆಲಸ, ಅವಳ ನಾಳೆ ಎಲ್ಲ ಆ ಕುರ್ಚಿಯಲ್ಲಿತ್ತು. ಕುರ್ಚಿಗೂ ಅವಳಿಗೂ ನಡುವೆ ಒಂದು ಗಾಯವಿತ್ತು.

*

ಆ ಗಾಯವನ್ನು ಅವಳು ನೋಡಿರಲಿಲ್ಲ. ಮೊದಲು ಸೇರಿಸಿದ್ದ ದೊಡ್ಡಾಸ್ಪತ್ರೆಯ ಕಬ್ಬಿಣದ ಮಂಚದಲ್ಲಿ ಯಾರೂ ಮಗ್ಗುಲು ಬದಲಿಸದೆ ಹಾಗೇ ಬಿಟ್ಟಾಗ ಆದದ್ದು. ಮೊದಲು ಕೆಂಪು ಕಲೆ. ಆಮೇಲೆ ಗುಳ್ಳೆ. ಆಮೇಲೆ ತೂತು. ನೋವಿರಲಿಲ್ಲ. ನೋವಾಗಿದ್ದರೆ ಕಿರುಚುತ್ತಿದ್ದಳು, ಕಿರುಚಿದ್ದರೆ ಯಾರಾದರೂ ಬೈಯುವುದಕ್ಕಾದರೂ ಬರುತ್ತಿದ್ದರು.

"ಈಗ ಎಷ್ಟು ದೊಡ್ಡದಿದೆಯೇ?" ಎಂದು ತಂಗಿಯನ್ನು ಕೇಳುತ್ತಿದ್ದಳು.

"ಒಂದು ಮೊಟ್ಟೆ ಇಟ್ರೆ ಕೂತ್ಕೊಳ್ಳುತ್ತೆ."

"ಹೋದ ತಿಂಗಳೂ ಅದನ್ನೇ ಹೇಳಿದ್ದೆ."

"ಹೋದ ತಿಂಗಳು ಪುಟ್ಟ ಮೊಟ್ಟೆ ಇತ್ತು ಕಣಕ್ಕ."

ತಂಗಿ ನಾಲ್ಕು ಮನೆಯ ಮುಸುರೆ ತಿಕ್ಕಿ, ನೆಲ ಒರೆಸಿ, ನೀರಿನಲ್ಲಿ ನೆಂದು ಬೆಳ್ಳಗಾದ ಬೆರಳುಗಳೊಂದಿಗೆ ದಿನವೂ ಬರುತ್ತಿದ್ದಳು. ಬಂದವಳೇ ಕೈಗೆ ರಬ್ಬರು ಗವಸು ಹಾಕಿಕೊಂಡು, ಎಣ್ಣೆ ಸವರಿಕೊಂಡು, ಅಕ್ಕನ ಮಲವನ್ನು ಬೆರಳಿನಿಂದ ತೆಗೆಯುತ್ತಿದ್ದಳು. ತಾನಾಗಿ ಹೊರಗೆ ಬರುವ ದಾರಿ ಸತ್ತುಹೋಗಿತ್ತು. ಬರೀ ಅನ್ನ, ಬರೀ ಬ್ರೆಡ್ಡು ತಿಂದು ಅದು ಜಲ್ಲಿಕಲ್ಲಿನಂತೆ ಬರುತ್ತಿತ್ತು. ಸೊಪ್ಪು ತರಕಾರಿ ಕೊಡಿ ಎಂದರೆ ವಾರ್ಡಿನ ಆಯಮ್ಮನ ಉತ್ತರ, "ಸೋಸೋರು ಯಾರು?" ನೀರು ಕೊಡಿ ಎಂದರೆ, "ಕುಡಿದಷ್ಟೂ ಹೊರಗೆ ಬರುತ್ತೆ, ಹಿಡಿಯೋರು ಯಾರು?" ಆಯಮ್ಮ ಕೆಟ್ಟವಳಲ್ಲ. ಎಂಟು ಮಂಚಕ್ಕೆ ಅವಳೊಬ್ಬಳೇ. ಅವಳಿಗೆ ಊಟ ಎಂದರೆ ಆಮೇಲೆ ತೊಳೆಯಬೇಕಾದದ್ದು, ಅಷ್ಟೇ. ಅದಕ್ಕೇ ಸೌಟು ಹಿಡಿದಾಗ ಕೈ ತಡೆಯುತ್ತಿತ್ತು.

ಗಾರೆಯಕ್ಕನಿಗೆ ಇದರಲ್ಲಿ ಅನ್ಯಾಯ ಕಂಡಿರಲಿಲ್ಲ. ಅವಳು ಬೆಳೆದ ಲೆಕ್ಕವೇ ಹಾಗಿತ್ತು. ಕಟ್ಟಡದ ಕೆಲಸದಲ್ಲಿ ಮೇಸ್ತ್ರಿ ಎಲ್ಲರಿಗೂ ಒಂದೇ ಪಾತ್ರೆಯಲ್ಲಿ ಬೇಯಿಸುತ್ತಿದ್ದ. ಕೆಳಗೆ ನಿಂತು ಇಟ್ಟಿಗೆ ಎತ್ತಿಕೊಡುವವರಿಗೆ ಒಂದು ಸೌಟು. ಮಹಡಿ ಹತ್ತುವವರಿಗೆ ಎರಡು. ಜ್ವರ ಬಂದು ಶೆಡ್ಡಿನಲ್ಲಿ ಬಿದ್ದುಕೊಂಡವರಿಗೆ ಪಾತ್ರೆ ಬಳಿದು ಉಳಿದದ್ದು. ಹತ್ತಿದವನಿಗೆ ತುತ್ತು, ಬಿದ್ದವನಿಗೆ ತಳದ ಸೀಕು. ಅವಳಿಗೆ ಯಾವಾಗಲೂ ಎರಡು ಸೌಟು ಬೀಳುತ್ತಿತ್ತು, ಗಂಡಾಳುಗಳ ಸರಿಸಮ. ಆ ಎರಡನೇ ಸೌಟನ್ನು ಒಡವೆಯಂತೆ ಎದೆಗೆ ಅವಚಿಕೊಂಡು ಊಟಕ್ಕೆ ಕೂರುತ್ತಿದ್ದಳು. ಜ್ವರದವಳೊಬ್ಬಳು ಒಮ್ಮೆ ಇನ್ನೊಂದು ತುತ್ತು ಕೇಳಿದಾಗ, "ಮಲಗಿದ್ದಕ್ಕೆ ಬೇರೆ ಹಸಿವು ಕೇಡು" ಎಂದು ಎಲ್ಲರೊಂದಿಗೆ ತಾನೂ ನಕ್ಕಿದ್ದಳು.

ಹಾಗಾಗಿ, ಮೊಟ್ಟೆ ಇನ್ನೂ ಬರುತ್ತಿದ್ದ ದಿನಗಳಲ್ಲಿ ಅದನ್ನು ಅವಳು ತಿನ್ನುತ್ತಿರಲಿಲ್ಲ. ದಿಂಬಿನ ಅಡಿಗೆ ಸರಿಸಿಟ್ಟು, ತಂಗಿ ಬಂದ ಕೂಡಲೇ ಅವಳ ಕೈಗೆ ಹಾಕುತ್ತಿದ್ದಳು.

"ತಿನ್ನೇ. ನಾಲ್ಕು ಮನೆ ಹತ್ತಿ ಇಳಿದು ಬಂದಿದೀಯ. ನಾನೇನು ಮಾಡಿದೀನಿ ಇವತ್ತು? ಸೂರು ನೋಡಿದೀನಿ."

ತಂಗಿ ಎರಡೇ ಬಾರಿಗೆ ನುಂಗಿಬಿಡುತ್ತಿದ್ದಳು. ಅವಳಿಗೂ ಹಸಿವಿತ್ತು.

*

ಪಥ್ಯದ ಮೇಡಂ ವಾರಕ್ಕೊಮ್ಮೆ ಬರುತ್ತಿದ್ದಳು. ಚಿಕ್ಕ ವಯಸ್ಸು. ಮೆಲುಮಾತು. ದರ್ಜಿಯಂತೆ ಕುತ್ತಿಗೆಗೆ ಅಳತೆ ಪಟ್ಟಿ ನೇತುಹಾಕಿಕೊಂಡಿರುತ್ತಿದ್ದಳು. ಮೊಟ್ಟೆ ನಿಂತ ಮೇಲೆ ಬಂದವಳು ಗಾರೆಯಕ್ಕನ ತೋಳಿಗೆ ಪಟ್ಟಿ ಸುತ್ತಿ ನೋಡಿದಳು. ಮತ್ತೆ ಸುತ್ತಿ ನೋಡಿದಳು. ಬಾಂಡ್ಲಿ ಎತ್ತಿದ್ದ ತೋಳು ಒಣಗಿದ ಹಗ್ಗದಂತಾಗಿತ್ತು. ಅದರ ಕೆಳಗೆ ಹೊಟ್ಟೆ ಮಾತ್ರ ಮಡಕೆ.

"ಗಾಯದ ಬಟ್ಟೆ ಯಾಕೆ ಇಷ್ಟು ಒದ್ದೆಯಾಗಿದೆ?"

"ಸೋರುತ್ತೆ ಮೇಡಂ. ಹಳದಿ ನೀರು," ಎಂದಳು ತಂಗಿ.

"ಅದು ನೀರಲ್ಲಮ್ಮ." ಮೇಡಂ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಗಾಯ ತುಂಬ್ಕೋಬೇಕು ಅಂದ್ರೆ ಮೈ ಹೊಸ ಮಾಂಸ ಕಟ್ಟಬೇಕು. ಅದಕ್ಕೆ ಮೊಟ್ಟೆ, ಹಾಲು, ಬೇಳೆ ಬೇಕು. ತಿಂದದ್ದು ಅರ್ಧ ಹೀಗೆ ಸೋರಿಹೋಗುತ್ತೆ, ಅದನ್ನೂ ತುಂಬಿಸಬೇಕು. ಕೊಡದೇ ಇದ್ರೆ ಮೈ ಸುಮ್ನಿರಲ್ಲ. ತೋಳಿಂದ ಕಿತ್ಕೊಂಡು ಅಲ್ಲಿಗೆ ಹಾಕುತ್ತೆ. ಇವರಿಗೆ ಎಲ್ಲರಷ್ಟು ಅನ್ನ ಬೇಡ, ಅದು ನಿಜ. ಓಡಾಟ ಇಲ್ವಲ್ಲ, ಉಂಡ ಅನ್ನ ಕೊಬ್ಬಾಗುತ್ತೆ. ಆದ್ರೆ ಗಾಯ ಇದ್ದಾಗ ಮೊಟ್ಟೆ ಎಲ್ಲರಿಗಿಂತ ಜಾಸ್ತೀನೇ ಬೇಕು."

ಗಾರೆಯಕ್ಕನ ತಲೆಯೊಳಗೆ ಒಂದು ಹಲಗೆ ಮುರಿದಿತ್ತು.

"ಅಂದ್ರೆ ನಾನು ಮಲಗಿಲ್ಲ," ಎಂದಳು. "ಒಳಗೆ ಗೋಡೆ ಕಟ್ತಾ ಇದೀನಿ. ಗಾರೆ ಕೊಟ್ಟಿಲ್ಲ ಅಷ್ಟೇ."

"ಹಾಗೇ ಅಂದ್ಕೊಳ್ಳಿ."

"ಮೀಟಿಂಗಲ್ಲಿ ಇದನ್ನ ಹೇಳಿದ್ರಾ?"

"ಎರಡೂ ಹೇಳಿದೆ. ಅವರು ಅರ್ಧ ಕೇಳಿಸ್ಕೊಂಡ್ರು."

"ಇನ್ನರ್ಧ ಇನ್ನೊಂದ್ಸಲ ಹೇಳಿ."

ಮೇಡಂ ಅಳತೆ ಪಟ್ಟಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ನಂಗೂ ಇಲ್ಲಿ ಕೆಲಸ ಉಳೀಬೇಕಲ್ಲಮ್ಮ."

ಅವಳು ಹೋದ ಮೇಲೆ ಬಸ್ಸಕ್ಕ ಅತ್ತ ಮುಖ ತಿರುಗಿಸಿ ಉಗುಳಿದಳು. ಉಗುಳು ತನ್ನದೇ ಹೊದಿಕೆಯ ಮೇಲೆ ಬಿತ್ತು. "ನೋಡು, ಉಗುಳೋದಕ್ಕೂ ದೂರ ಹೋಗೋ ಯೋಗ ಇಲ್ಲ ನಮಗೆ."

ಮಲದ ಪಾತ್ರೆ ಎತ್ತಿಕೊಳ್ಳುತ್ತಿದ್ದ ಆಯಮ್ಮ ತನ್ನಷ್ಟಕ್ಕೆ ಎಂಬಂತೆ ಹೇಳಿದಳು. "ಮೊಟ್ಟೆ ಬರೋದೇನೂ ನಿಂತಿಲ್ಲ. ಆಫೀಸ್ ರೂಮಲ್ಲಿ ಬೆಳಗ್ಗೆ ಬೆಳಗ್ಗೆ ಆಮ್ಲೆಟ್ ವಾಸನೆ. ತಟ್ಟೆ ತೊಳೆಯೋಳು ನಾನೇ ಅಲ್ವಾ."

ಮೇಲ್ವಿಚಾರಕನ ಹಲ್ಲಿನ ಸಂದಿಯ ಆ ಹಳದಿ ಚೂರು ಗಾರೆಯಕ್ಕನ ಕಣ್ಣ ಮುಂದೆ ಬಂದು ನಿಂತಿತು. ತನ್ನ ತೋಳಿನ ಮಾಂಸ ಅದು. ಅವನು ಅದನ್ನು ನಾಲಿಗೆಯಿಂದ ತಡವುತ್ತಿದ್ದ. ತಂಗಿ ಪಾತ್ರೆ ಹಿಡಿಯುವಷ್ಟರಲ್ಲಿ ಬರೀ ಅನ್ನದ ಅಗುಳು ವಾಂತಿಯಾಗಿ ಬಂತು.

*

ದಾನಿಯ ಹುಟ್ಟುಹಬ್ಬ ಬಂತು. ಕಲ್ಲುಹಲಗೆಯಲ್ಲಿ ಎಲ್ಲರಿಗಿಂತ ಮೇಲೆ ಅವರ ಹೆಸರಿತ್ತು. ಬೆಳಗ್ಗೆಯೇ ವಾರ್ಡಿಗೆ ಫಿನಾಯಿಲ್ ಸುರಿದರು. ಕಪಾಟಿನಲ್ಲಿ ಬೀಗ ಹಾಕಿಟ್ಟಿದ್ದ ಹೂವಿನ ಹೊದಿಕೆಗಳು ಹೊರಗೆ ಬಂದವು. ಸುಗಂಧದ ಡಬ್ಬಿ ಹಿಡಿದು ಮೇಲ್ವಿಚಾರಕನೇ ಮಂಚದಿಂದ ಮಂಚಕ್ಕೆ ಹೋಗಿ, ಬದುಕಿರುವವರ ಮೇಲೆ ನೊಣದ ಔಷಧಿ ಹೊಡೆದಂತೆ ಹೊಡೆದ.

"ಎಲ್ಲರನ್ನೂ ಅಂಗಾತ ಮಲಗಿಸು," ಎಂದು ಆಯಮ್ಮನಿಗೆ ಹೇಳಿದ. "ಮುಖ ಕಾಣಬೇಕು. ಫೋಟೋದಲ್ಲಿ ಬೆನ್ನು ಬಂದ್ರೆ ಚೆನ್ನಾಗಿರಲ್ಲ."

"ಮೂರನೇ ಮಂಚಕ್ಕೆ ಗಾಯ ಇದೆ ಸಾರ್. ಮಗ್ಗುಲಲ್ಲೇ ಇರಬೇಕು."

"ಅವಳಿಗೆ ಗೊತ್ತಾಗುತ್ತಾ? ಗೊತ್ತಾಗಲ್ಲ ತಾನೇ? ಮತ್ತೇನು?"

ಮಲಗಿಸಿದರು. ಗಾಯದ ಮೇಲೆಯೇ ಮಲಗಿಸಿದರು. ದಾನಿಯವರು ದಾರಿಯಲ್ಲಿದ್ದಾರೆ ಎಂದರು. ಸ್ವಲ್ಪ ಹೊತ್ತಿಗೆ, ಇನ್ನೊಂದು ಕಡೆ ದಾನ ಮಾಡುತ್ತಿದ್ದಾರೆ ಎಂದರು. ಮಗ್ಗುಲು ಬದಲಿಸುವ ಹೊತ್ತು ಬಂದು ಹೋಯಿತು. ತಂಗಿ ಎದ್ದಾಗಲೆಲ್ಲ ಮೇಲ್ವಿಚಾರಕ ಬೆರಳು ಎತ್ತಿದ. ಗಾರೆಯಕ್ಕನಿಗೆ ಕೆಳಗೆ ಏನೂ ತಿಳಿಯುತ್ತಿರಲಿಲ್ಲ. ಹೊದಿಕೆಯ ಮೇಲಿನ ಗುಲಾಬಿಗಳು ಕೆಳಗಿನಿಂದ ಮೆಲ್ಲಗೆ ಒದ್ದೆಯಾಗುತ್ತಿರಬೇಕು ಎಂದು ಮಾತ್ರ ಲೆಕ್ಕ ಹಾಕಿದಳು.

ಕೊನೆಗೆ ದಾನಿ ಬಂದರು. ಜೊತೆಗೆ ಹೆಂಡತಿ, ಫೋಟೋದವನು, ಬಾಗಿಲಲ್ಲಿ ತಿರುಗಿಸಿ ತಿರುಗಿಸಿ ತರಬೇಕಾದಷ್ಟು ದೊಡ್ಡ ಕೇಕು. ಪಥ್ಯದ ಮೇಡಮ್ಮನ್ನೂ ಗೋಡೆಯ ಪಕ್ಕ ನಿಲ್ಲಿಸಿದ್ದರು.

ಮೇಲ್ವಿಚಾರಕ ಭಾಷಣ ಮಾಡಿದ. ಇವರು ದೇವರ ಮಕ್ಕಳು ಎಂದ. ಇಲ್ಲಿ ವಿಜ್ಞಾನದ ಪ್ರಕಾರವೇ ಊಟ ಎಂದ. ಹೊಟ್ಟೆ ತುಂಬ ಊಟ ಎಂದ. ಹೊಟ್ಟೆಗಳನ್ನು ತೋರಿಸಿದ. ದಾನಿ ಸಂತೋಷದಿಂದ ತಲೆ ಆಡಿಸಿದರು.

ಮೊದಲ ಮಂಚದ ಮುದುಕಿಗೆ ಕೇಕು ತಿನ್ನಿಸಿದರು. ಫೋಟೋ. ಎರಡನೆಯವಳಿಗೆ ತಿನ್ನಿಸಿದರು. ಬಾಯಿ ಅಗಲ ತೆರೆಯಲಿಲ್ಲವೆಂದು ಇನ್ನೊಮ್ಮೆ ತೆರೆಸಿ ಫೋಟೋ. ಬೆಣ್ಣೆ ಬಳಿದುಕೊಂಡ ಅವಳ ಗಲ್ಲ ಒರೆಸಲು ಯಾರೂ ನಿಲ್ಲಲಿಲ್ಲ.

ಮೂರನೇ ಮಂಚ. ಬಿಳಿ ಬೆಣ್ಣೆಯ ಚಮಚ ಅವಳ ತುಟಿಯ ಮುಂದೆ ಬಂತು.

ಗಾರೆಯಕ್ಕ ಬಾಯಿ ತೆರೆಯಲಿಲ್ಲ.

"'ಆ' ಅನ್ನಮ್ಮ. ಆ..." ಎಂದರು ದಾನಿ, ಮಗುವಿಗೆ ಹೇಳುವಂತೆ.

ಅವಳು ಹಲ್ಲು ಕಚ್ಚಿದಳು. ಚಮಚ ತುಟಿಗೆ ಒತ್ತಿತು. ಬೆಣ್ಣೆ ಮೂಗಿಗೆ ಮೆತ್ತಿತು. ಫೋಟೋದವನು ಕಾದು ನಿಂತ.

"ಕೇಕ್ ಬೇಡ. ಮೊಟ್ಟೆ ಬೇಕು," ಎಂದಳು.

ದಾನಿಯ ಹೆಂಡತಿ ಕಿಲಕಿಲ ನಕ್ಕರು. "ಅಯ್ಯೋ ಪಾಪ! ಕೇಕಲ್ಲೂ ಮೊಟ್ಟೆ ಇರುತ್ತೆ ಕಣಮ್ಮ!"

ಎಲ್ಲರೂ ನಕ್ಕರು. ಮೇಲ್ವಿಚಾರಕ ಎಲ್ಲರಿಗಿಂತ ಜೋರಾಗಿ ನಕ್ಕ.

ನಗು ನಿಲ್ಲಲಿ ಎಂದು ಗಾರೆಯಕ್ಕ ಕಾದಳು. ಆಮೇಲೆ ತಂಗಿಯ ಕಡೆ ತಿರುಗಿದಳು. "ನನ್ನ ಮಗ್ಗುಲು ಬದಲಿಸೇ. ಹೊತ್ತು ಮೀರಿದೆ."

"ಈಗ ಬೇಡ. ಆಮೇಲೆ," ಎಂದ ಮೇಲ್ವಿಚಾರಕ.

"ಬದಲಿಸೇ."

ತಂಗಿ ಮೇಲ್ವಿಚಾರಕನ ಬೆರಳನ್ನು ನೋಡಿದಳು. ಅಕ್ಕನ ಮುಖ ನೋಡಿದಳು. ಎದ್ದಳು. ಒಂದು ಕೈಯನ್ನು ಅಕ್ಕನ ಭುಜದಡಿ, ಇನ್ನೊಂದನ್ನು ಸೊಂಟದಡಿ ಹಾಕಿ, ದಿನವೂ ಮಾಡಿ ಪಳಗಿದ ಒಂದೇ ಎಳೆತಕ್ಕೆ ಮಗ್ಗುಲಿಗೆ ತಿರುಗಿಸಿದಳು. ಹೂವಿನ ಹೊದಿಕೆ ಬೆನ್ನಿಗೆ ಅಂಟಿಕೊಂಡು ಬಂತು. ಅದನ್ನು ಬಿಡಿಸಿದಳು. ನೆನೆದ ಬಟ್ಟೆಯನ್ನೂ ಬಿಡಿಸಿದಳು.

ವಾಸನೆ ಎದ್ದಿತು. ಫಿನಾಯಿಲನ್ನು, ಸುಗಂಧವನ್ನು, ಕೇಕಿನ ಬೆಣ್ಣೆಯನ್ನು ಪಕ್ಕಕ್ಕೆ ತಳ್ಳಿ ಅದು ಬಾಗಿಲ ತನಕ ನಡೆಯಿತು. ಆ ವಾರ್ಡಿನಲ್ಲಿ ನಡೆಯಲು ಬರುವುದು ಅದೊಂದಕ್ಕೇ.

ಅಂಚು ಕಪ್ಪಾದ ತೂತು. ಒಳಗೆ ಹಳದಿ, ಬಿಳಿ, ಕೆಂಪು. ತಳದಲ್ಲಿ ಹೊಳೆಯುವ ಏನೋ ಒಂದು. ಮೂಳೆ ಇರಬೇಕು.

"ತಿನ್ನಿಸಿ ಸ್ವಾಮಿ," ಎಂದಳು ಗಾರೆಯಕ್ಕ, ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಲ್ಲಿಂದಲೇ. "ಇದೂ ಒಂದು ಬಾಯಿ. ಹಸಿದಿರೋದು ಇದು. ಚಮಚ ಇಲ್ಲಿಗೆ ತನ್ನಿ. ಫೋಟೋ ಹೊಡೀರಿ."

ದಾನಿ ಹಿಂದಕ್ಕೆ ಹೆಜ್ಜೆ ಇಟ್ಟರು. ಚಮಚದ ಕೇಕು ಅವರ ಬೂಟಿನ ಮೇಲೆ ಬಿತ್ತು. ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಾಗಿಲಿಗೆ ಓಡಿದರು. ಹೊರಗೆ ಕಲ್ಲುಹಲಗೆಯ ಕೆಳಗೆ ಅವರು ವಾಂತಿ ಮಾಡಿಕೊಳ್ಳುವ ಸದ್ದು ಒಳಗಿನ ಎಂಟು ಮಂಚಕ್ಕೂ ಕೇಳಿಸಿತು.

"ಅಸಹ್ಯ ಆಯ್ತಾ?" ಗಾರೆಯಕ್ಕ ಕೇಳುತ್ತಲೇ ಇದ್ದಳು. "ನಂಗೂ ಆಗುತ್ತೆ. ಇದನ್ನ ನೋಡಿ ಅಲ್ಲ. ನನ್ನ ಮೊಟ್ಟೆ ಇವರ ಹಲ್ಲಲ್ಲಿ ಸಿಕ್ಕಿಕೊಂಡಿರೋದು ನೋಡಿ."

"ಬಾಯಿ ಮುಚ್ಚೇ!" ಎಂದು ಮೇಲ್ವಿಚಾರಕ ಹಾರಿಬಂದ. ಮೊದಲ ಸಲ ಅವನು ಮಂಚದ ಹತ್ತಿರಕ್ಕೆ ಬಂದಿದ್ದ. ಬಂದವನು ಅಲ್ಲೇ ಮೂಗು ಹಿಡಿದುಕೊಂಡು ನಿಂತ. ಕರವಸ್ತ್ರ ಸಿಗಲಿಲ್ಲ.

"ಆಯ್ತು, ಮುಚ್ಚಿದೀವಿ," ಎಂದಳು ನಾಲ್ಕನೇ ಮಂಚದ ಬಸ್ಸಕ್ಕ. "ನನ್ನದೂ ಮುಚ್ಚಿದೆ. ಕೇಕ್ ಮುಂದಕ್ಕೆ ಹೋಗಲಿ." ಬಾಯೇ ಬದುಕಾದವಳು ಮುಷ್ಟಿಯನ್ನು ತುಟಿಗೆ ಅಡ್ಡ ಇಟ್ಟುಕೊಂಡಳು. ಐದನೆಯವಳು ಮುಖವನ್ನು ದಿಂಬಿಗೆ ಒತ್ತಿದಳು. ಮೊದಲ ಮಂಚದ ಮುದುಕಿ ಆಗಲೇ ತಿಂದಿದ್ದ ಕೇಕನ್ನು ನಾಲಿಗೆಯಿಂದ ಹೊರಗೆ ತಳ್ಳಿ, ಗಲ್ಲದ ಮೇಲೆ ಇಳಿಯಲು ಬಿಟ್ಟಳು.

ದಾನಿ ಬೂಟು ಒರೆಸಿಕೊಳ್ಳುತ್ತ, ಯಾರ ಮುಖವನ್ನೂ ನೋಡದೆ ಕೇಳಿದರು. "ಏನ್ರೀ ಇದು? ಇವರಿಗೆ ಏನು ಕೊಡಬೇಕು ನಿಜವಾಗಿ?"

"ಅಲ್ಲಿ ನಿಂತಿದಾರಲ್ಲ, ಅವರನ್ನ ಕೇಳಿ," ಎಂದಳು ಗಾರೆಯಕ್ಕ. "ಅವರ ಹತ್ರ ಇನ್ನರ್ಧ ಇದೆ."

ಪಥ್ಯದ ಮೇಡಂ ಗೋಡೆಗೆ ಇನ್ನಷ್ಟು ಒತ್ತಿಕೊಂಡಳು. ಅಳತೆ ಪಟ್ಟಿ ಬೆರಳಿಗೆ ಸುತ್ತಿ ಸುತ್ತಿ ಬೆರಳು ನೀಲಿಯಾಗಿತ್ತು. ನೆಲಕ್ಕೆ ಹೇಳಿದಳು, ಅಷ್ಟು ಮೆಲ್ಲಗೆ. "ಮೊಟ್ಟೆ. ಹಾಲು. ಗಟ್ಟಿ ಬೇಳೆ. ಸೊಪ್ಪು, ನೀರು. ಅನ್ನ ಕಮ್ಮಿ. ಸಿಹಿ ಬೇಡ." ಹೇಳಿ ಮುಗಿಸಿ ಅಳತೊಡಗಿದಳು. ಅವಳನ್ನು ಸಮಾಧಾನ ಮಾಡಲು ಆ ವಾರ್ಡಿನಲ್ಲಿ ಯಾರಿಗೂ ಪುರಸೊತ್ತಿರಲಿಲ್ಲ.

*

ಮಾರನೆಯ ಬೆಳಗ್ಗೆ ಮೇಲ್ವಿಚಾರಕ ಬಾಗಿಲಲ್ಲೇ ನಿಂತು ಅಪ್ಪಣೆ ಮಾಡಿದ. ಮೂರನೇ ಮಂಚದ ಗಾಲಿಕುರ್ಚಿ ಇನ್ನು ನಾಲ್ಕನೆಯವಳಿಗೆ. ಗಾಯ ಮುಚ್ಚುವ ಲಕ್ಷಣ ಕಾಣದವರಿಗೆ ಕುರ್ಚಿ ಕಾದಿರಿಸುವುದು ಅನ್ಯಾಯವಂತೆ. ಅನ್ಯಾಯ ಎಂಬ ಮಾತು ಅವನ ಬಾಯಿಂದಲೇ ಬಂತು.

ಆಯಮ್ಮ, ತಂಗಿ ಸೇರಿ ಬಸ್ಸಕ್ಕನನ್ನು ಎತ್ತಿ ಕೂರಿಸಿದರು. ಅಳತೆ ಅವಳದಲ್ಲ. ತೊಡೆಗಳು ಬಿಗಿಯಾಗಿ ಸಿಕ್ಕಿಕೊಂಡವು. ಅವಳು ಚಕ್ರ ಒತ್ತಿದಳು. ಬಾಗಿಲ ಕಡೆ ಹೋಗಲಿಲ್ಲ. ಎರಡೇ ನೂಕಿಗೆ ಮೂರನೇ ಮಂಚಕ್ಕೆ ಬಂದು ತಾಗಿ ನಿಂತಳು.

"ನೋಡೇ, ಕೆಂಪು ಬಟ್ಟೆ ಬಿಚ್ಚಿಲ್ಲ," ಎಂದಳು. "ನಿನ್ನ ಗಾಯ ಮುಚ್ಚೋ ತನಕ ಇದನ್ನ ಬೆಚ್ಚಗೆ ಇಟ್ಟಿರ್ತೀನಿ. ಮುಚ್ಚಿದ ದಿನ ಇಳಿಯೇ ಮುಂಡೇದೆ ಅನ್ನು. ಇಳೀತೀನಿ. ಇವನಪ್ಪ ಬಂದು ಕೂರು ಅಂದ್ರೂ ಕೂರಲ್ಲ."

ಗಾರೆಯಕ್ಕ ಕೈ ಚಾಚಿ ಆ ಬಟ್ಟೆಯ ಗಂಟನ್ನು ಮುಟ್ಟಿ ನೋಡಿದಳು. ಗಟ್ಟಿಯಾಗಿತ್ತು.

ತಟ್ಟೆ ಬಂತು. ಅನ್ನ ಒಂದು ಮೂಲೆಗೆ ಸರಿದಿತ್ತು. ಸೌಟಿನ ಗುರುತು ನಿಲ್ಲುವಷ್ಟು ಗಟ್ಟಿ ಬೇಳೆ. ಪಕ್ಕದಲ್ಲಿ ಒಂದು ಬೇಯಿಸಿದ ಮೊಟ್ಟೆ, ತಣ್ಣಗೆ, ಎಲ್ಲೋ ಬಿದ್ದು ಒಂದು ಕಡೆ ಒಡೆದದ್ದು. ಎಂಟು ಮಂಚಕ್ಕೂ ಒಂದೊಂದು. ಎಷ್ಟು ದಿನ ಬರುತ್ತದೋ ಯಾರಿಗೂ ತಿಳಿದಿರಲಿಲ್ಲ.

ಗಾರೆಯಕ್ಕ ಸಿಪ್ಪೆ ಸುಲಿದಳು. ತಂಗಿ ಮುಸುರೆಯ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಎದ್ದಾಗಿನಿಂದ ಏನೂ ತಿಂದಿರಲಿಲ್ಲ. ಅವಳ ಕಣ್ಣು ಮೊಟ್ಟೆಯ ಮೇಲಿತ್ತು. ಗಂಟಲು ಒಮ್ಮೆ ಏರಿ ಇಳಿಯಿತು.

ಗಾರೆಯಕ್ಕ ಅದನ್ನು ನೋಡಿದಳು. ಮೊಟ್ಟೆಯನ್ನು ಬಾಯಿಗೆ ಇಟ್ಟಳು. ಅಗಿದಳು. ಹಳದಿ ಗಂಟಲಿಗೆ ಅಂಟಿತು. ಕಣ್ಣಲ್ಲಿ ನೀರು ತುಂಬಿಕೊಂಡರೂ ಅಗಿಯುವುದನ್ನು ನಿಲ್ಲಿಸಲಿಲ್ಲ. ಚೂರೂ ಕೊಡಲಿಲ್ಲ.

"ಸಪ್ಪೆ," ಎಂದಳು ಕೊನೆಗೆ. ಆಮೇಲೆ ಕತ್ತು ಹೊರಳಿಸಿ, ಬಾಗಿಲಲ್ಲಿ ಇನ್ನೂ ನಿಂತಿದ್ದವನಿಗೆ ಕೇಳಿಸುವಂತೆ, ನಾಲ್ಕನೇ ಮಹಡಿಯಿಂದ ಕೆಳಗಿನವರಿಗೆ ಕೂಗುತ್ತಿದ್ದ ದನಿಯಲ್ಲಿ ಕೂಗಿದಳು.

"ಆಯಮ್ಮಾ, ನಾಳೆಯಿಂದ ಮೊಟ್ಟೆಗೆ ಉಪ್ಪು! ನಮ್ಮ ತಂಗಿಗೂ ಒಂದು ತಟ್ಟೆ! ಅವಳೂ ಇಲ್ಲಿ ದುಡೀತಾ ಇದಾಳೆ!"